ಕೋಟೆ ಮೈದಾನದ ಬೇಸಿಗೆ ಸಂಗೀತ

ಮದ್ರಾಸು ತನ್ನ ಸಂಗೀತಕ್ಕೆ ಧನುರ್ಮಾಸದ ಚಳಿಯನ್ನು ಆರಿಸಿಕೊಂಡಿತು. ಬೆಂಗಳೂರಿನ ಪಾಲಿಗೆ ಬಂದದ್ದು ಚೈತ್ರದ ಬಿಸಿಲು. ಹಾಡುವವರ ಗಂಟಲು ಒಣಗುವ, ಕೇಳುವವರ ಬೆನ್ನಿಗೆ ಅಂಗಿ ಅಂಟಿಕೊಳ್ಳುವ, ಶಾಲೆಗಳಿಗೆ ರಜ ಬಿದ್ದು ಮೈದಾನಗಳು ಖಾಲಿಯಾಗುವ ಕಾಲ ಅದು. ಅಂಥದೊಂದು ಮೈದಾನದಲ್ಲೇ, ಚಾಮರಾಜಪೇಟೆಯ ಕೋಟೆ ಹೈಸ್ಕೂಲಿನ ಆವರಣದಲ್ಲಿ, ಪ್ರತಿ ವರ್ಷ ರಾಮನವಮಿಯ ಆಸುಪಾಸಿಗೆ ದೊಡ್ಡದೊಂದು ಚಪ್ಪರ ಏಳುತ್ತದೆ. ಸುಮಾರು ಒಂದು ತಿಂಗಳು ಸಂಜೆ ಸಂಜೆಯೂ ಅಲ್ಲಿ ಕಚೇರಿ. ಶ್ರೀರಾಮಸೇವಾ ಮಂಡಳಿ ಇದನ್ನು ಶುರುಮಾಡಿದ್ದು 1939ರಲ್ಲಿ. ಮುಂದೆ ನಿಂತು ನಡೆಸಿದ ಎಸ್.ವಿ. ನಾರಾಯಣಸ್ವಾಮಿ ರಾವ್ ಆಗಿನ್ನೂ ಹುಡುಗ. ಬೆಂಗಳೂರಿನ ಪೇಟೆ, ದಂಡು ಎಲ್ಲ ಸೇರಿಸಿದರೂ ಜನಸಂಖ್ಯೆ ನಾಲ್ಕು ಲಕ್ಷದ ಸುತ್ತಮುತ್ತ ಇದ್ದ ದಿನಗಳವು. 2025ರಲ್ಲಿ ಉತ್ಸವಕ್ಕೆ 87ನೆಯ ವರ್ಷ.

ಈ ಉತ್ಸವದ ಬಗ್ಗೆ ಮಾತಾಡುವವರು ಸಾಮಾನ್ಯವಾಗಿ ಒಂದು ಪಟ್ಟಿಯಿಂದ ಶುರುಮಾಡುತ್ತಾರೆ. ಎಂ.ಎಸ್. ಸುಬ್ಬುಲಕ್ಷ್ಮಿ, ಸೆಮ್ಮಂಗುಡಿ ಶ್ರೀನಿವಾಸ ಅಯ್ಯರ್, ಬಾಲಮುರಳಿಕೃಷ್ಣ, ಭೀಮಸೇನ ಜೋಶಿ, ಯೇಸುದಾಸ್. ಪಟ್ಟಿಯಲ್ಲಿ ಸುಳ್ಳೇನಿಲ್ಲ. ಇವರೆಲ್ಲ ಇಲ್ಲಿ ಹಾಡಿದವರೇ. ಆದರೆ ಪಟ್ಟಿ ಓದಿ ಮುಗಿಸುವ ಹೊತ್ತಿಗೆ, ಇವತ್ತು ಸಂಜೆ ವೇದಿಕೆ ಮೇಲೆ ಕೂತಿರುವವರ ಹೆಸರು ಯಾರ ಬಾಯಲ್ಲೂ ಇರುವುದಿಲ್ಲ. ಉತ್ಸವದ ದೊಡ್ಡ ಆಸ್ತಿ ಅದರ ನೆನಪು; ಅದಕ್ಕೆ ಅಡ್ಡಗಾಲು ಹಾಕುವುದೂ ಅದೇ ನೆನಪು.

ಬೇಸಿಗೆಯ ಸಂಗೀತ ಅಂದರೆ ಯಾವುದು ಎಂಬ ಪ್ರಶ್ನೆಗೆ ಉತ್ತರ ಭಾರತದವರ ಬಳಿ ಸಿದ್ಧ ಉತ್ತರವಿದೆ. ಬನಾರಸಿನ ಕಡೆ ಚೈತ್ರ ಬಂತೆಂದರೆ ಚೈತಿ ಹಾಡುತ್ತಾರೆ. ಅದರ ಸಾಲು ಸಾಲಿಗೂ ರಾಮನ ಹೆಸರು ಬಂದು ಹೋಗುತ್ತದೆ. ನಡುಮಧ್ಯಾಹ್ನದ ಬಿಸಿಲಿಗೆ ಸಾರಂಗದ ರಾಗಗಳು, ಮಳೆಗೆ ಮಲ್ಹಾರಗಳು. ಕರ್ನಾಟಕ ಸಂಗೀತದಲ್ಲಿ ಋತುವಿಗೆ ಇಂಥ ಖಾತೆ ಇಲ್ಲ. ಅಮೃತವರ್ಷಿಣಿ ಹಾಡಿ ಮಳೆ ತರಿಸಿದ ದೀಕ್ಷಿತರ ಕಥೆಯನ್ನು ಬಿಟ್ಟರೆ, ತೋಡಿಯನ್ನೋ ಕಲ್ಯಾಣಿಯನ್ನೋ ಡಿಸೆಂಬರಿನಲ್ಲೂ ಹಾಡುತ್ತಾರೆ, ಏಪ್ರಿಲಿನಲ್ಲೂ ಹಾಡುತ್ತಾರೆ. ಹಾಗಾಗಿ ಕೋಟೆ ಮೈದಾನದಲ್ಲಿ ಬೇಸಿಗೆ ಇರುವುದು ರಾಗದೊಳಗಲ್ಲ. ಅದು ಹೊರಗಿನಿಂದ ಬರುತ್ತದೆ: ಬೆಲ್ಲ, ನಿಂಬೆಹಣ್ಣು, ಶುಂಠಿ, ಏಲಕ್ಕಿ ಹಾಕಿದ ಪಾನಕದಿಂದ, ಮಾವಿನಕಾಯಿ ತುರಿ ಬಿದ್ದ ಹೆಸರುಬೇಳೆ ಕೋಸಂಬರಿಯಿಂದ, ನೀರುಮಜ್ಜಿಗೆಯ ಇಂಗಿನ ವಾಸನೆಯಿಂದ, ರಾಮನವಮಿಯಲ್ಲಿ ದಾನ ಕೊಡುವ ಬೀಸಣಿಗೆಯಿಂದ. ಐವತ್ತು ವರ್ಷದ ಹಿಂದೆ ಕೇಳಿದ ಕಚೇರಿಯ ರಾಗ ಯಾವುದೆಂದು ಕೇಳಿದರೆ ತಡವರಿಸುವ ಹಿರಿಯರು ಪಾನಕದ ರುಚಿಯನ್ನು ಮಾತ್ರ ಕರಾರುವಾಕ್ಕಾಗಿ ಹೇಳಬಲ್ಲರು.

ವಾದ್ಯಗಳಿಗೆ ಬಿಸಿಲು ತಟ್ಟದೆ ಬಿಡುವುದಿಲ್ಲ. ಇದನ್ನು ನೋಡಬೇಕಾದರೆ ಗಾಯಕರನ್ನು ಬಿಟ್ಟು ಅವರ ಬಲಕ್ಕೆ ಕೂತ ಮೃದಂಗದವರ ಕಡೆ ಕಣ್ಣು ಹಾಯಿಸಬೇಕು. ಮೃದಂಗದ ಎಡಗಡೆ ಚರ್ಮದ ನಡುವೆ, ಕಚೇರಿಗೆ ಮುಂಚೆ, ನೀರಲ್ಲಿ ಕಲಸಿದ ರವೆಯನ್ನು ಬಿಲ್ಲೆಯ ಹಾಗೆ ಮೆತ್ತುತ್ತಾರೆ. ಆ ಒದ್ದೆ ರವೆಯ ಭಾರದಿಂದಲೇ ಗುಂಕಾರ ಹುಟ್ಟುವುದು. ಚಪ್ಪರದ ಕೆಳಗೆ, ಪಕ್ಕದಲ್ಲೊಂದು ಫ್ಯಾನು ತಿರುಗುತ್ತಿದ್ದರಂತೂ, ಈ ರವೆ ಬೇಗ ಬಿರಿಯುತ್ತದೆ. ಆಗ ಪಲ್ಲವಿ ಮುಗಿದು ಅನುಪಲ್ಲವಿ ಹಿಡಿಯುವ ಸಂದಿಯಲ್ಲಿ ಮೃದಂಗದವರು ಬೆರಳನ್ನು ನೀರಿಗೆ ಅದ್ದಿ ರವೆಗೆ ತಟ್ಟಿ, ಏನೂ ಆಗದವರಂತೆ ತಾಳಕ್ಕೆ ಮರಳುತ್ತಾರೆ. ಬಲಗಡೆಯದು ಇನ್ನೊಂದು ಪೇಚು. ಕಾವಿಗೆ ಚರ್ಮ ಬಿಗಿದು ಶ್ರುತಿ ಮೇಲೇರುತ್ತದೆ. ಸಣ್ಣ ಕಲ್ಲಿನಿಂದ ಅಂಚನ್ನು ತಟ್ಟಿ ತಟ್ಟಿ ಅದನ್ನು ಹದಕ್ಕೆ ತರಬೇಕು. ಈಗ ನಟ್ಟು ಬೋಲ್ಟಿನ ಮೃದಂಗಗಳು ಬಂದು ಈ ಕೆಲಸ ಹಗುರವಾಗಿದೆ. ಪೆಟ್ಟಿಗೆಯಿಂದ ಹೊರಡುವ ಎಲೆಕ್ಟ್ರಾನಿಕ್ ತಂಬೂರಿಗೆ ಬಿಸಿಲೂ ಇಲ್ಲ, ಮಳೆಯೂ ಇಲ್ಲ. ಕಚೇರಿಗೆ ಇದರಿಂದ ಅನುಕೂಲವೇ ಆಯಿತು. ಆದರೆ ಹಾಡಿನ ನಡುವೆ ಗಾಯಕ ನಿಂತು, ತಂಬೂರಿಯ ಕಡೆ ಕಿವಿಗೊಟ್ಟು, ಬಿರಡೆ ತಿರುಗಿಸಿ ಮತ್ತೆ ಷಡ್ಜ ಹಿಡಿಯುವ ಆ ಅರೆ ನಿಮಿಷದಲ್ಲಿ ಸಭೆಯೆಲ್ಲ ಶ್ರುತಿ ಎಂದರೇನೆಂದು ಕೇಳಿಸಿಕೊಳ್ಳುತ್ತಿತ್ತು. ಆ ಪಾಠ ಈಗ ಕೈಬಿಟ್ಟಿದೆ.

ಇನ್ನು ಚಪ್ಪರ. ಸಂಗೀತ ಕೇಳುವುದಕ್ಕೆ ಇದಕ್ಕಿಂತ ಅನುಚಿತವಾದ ಜಾಗವನ್ನು ಹುಡುಕುವುದು ಕಷ್ಟ. ಒಂದು ಕಡೆ ಆಲೂರು ವೆಂಕಟರಾವ್ ರಸ್ತೆಯ ವಾಹನಗಳು, ಇನ್ನೊಂದು ಕಡೆ ಕೃಷ್ಣರಾಜೇಂದ್ರ ಮಾರುಕಟ್ಟೆಯ ಗದ್ದಲ. ಟಿಪ್ಪುವಿನ ಅರಮನೆ, ಕೋಟೆ ವೆಂಕಟರಮಣಸ್ವಾಮಿ ದೇವಸ್ಥಾನ, ವಾಣಿವಿಲಾಸ ಆಸ್ಪತ್ರೆ ಎಲ್ಲವೂ ಕೂಗಳತೆಯಲ್ಲಿವೆ. ಆಂಬುಲೆನ್ಸಿನ ಸೈರನ್ನು ಆಗಾಗ ನಿಷಾದಕ್ಕೆ ತಗಲಿಕೊಂಡು ಹಾದುಹೋಗುತ್ತದೆ. ಅಶ್ವಿನಿ, ಭರಣಿಯ ಮಳೆ ಹುಯ್ದರೆ ಮೇಲಿನ ಸೂರಿನ ಸದ್ದಿಗೆ ವೀಣೆಯಂಥ ವಾದ್ಯ ಕೈಚೆಲ್ಲಿ ಕೂರಬೇಕು. ಮಲ್ಲೇಶ್ವರದ ಕಡೆ ಹೋದರೆ ಪಿಟೀಲಿನ ಆಕಾರದಲ್ಲೇ ಕಟ್ಟಿದ ಚೌಡಯ್ಯ ಸ್ಮಾರಕ ಭವನವಿದೆ, 1980ರಿಂದ. ಅಲ್ಲಿ ಒರಗುವ ಕುರ್ಚಿ, ತಣ್ಣನೆ ಗಾಳಿ, ಹೊರಗಿನ ಸದ್ದು ಹೊರಗೇ. ಸೌಕರ್ಯವನ್ನೇ ಅಳತೆಗೋಲು ಮಾಡಿಕೊಂಡರೆ ಕೋಟೆ ಮೈದಾನಕ್ಕೆ ಪಾಸ್ ಮಾರ್ಕೂ ಬರುವುದಿಲ್ಲ.

ಆದರೂ ಒಳ್ಳೆಯ ಕಚೇರಿಗಳು ಅಲ್ಲಿ ಯಾಕೆ ಅಷ್ಟು ಚೆನ್ನಾಗಿ ಆಗುತ್ತವೆ? ಒಂದು ಕಾರಣ ಗೋಡೆ ಇಲ್ಲದಿರುವುದೇ. ಭವನದೊಳಗೆ ಬಂದವರು ತೀರ್ಮಾನ ಮಾಡಿಕೊಂಡು, ಟಿಕೆಟ್ಟು ಹರಿಸಿಕೊಂಡು ಬಂದವರು. ಮೈದಾನಕ್ಕೆ ಬರುವವರಲ್ಲಿ ಅರ್ಧ ಜನ ಹಾಗೆ ಬಂದವರಲ್ಲ. ಮಾರ್ಕೆಟ್ಟಿಗೆ ಹೂವು ತರಲು ಬಂದವರು, ಬಸ್ಸು ತಪ್ಪಿಸಿಕೊಂಡವರು, ಮೊಮ್ಮಗನನ್ನು ಬೇಸಿಗೆ ಶಿಬಿರದಿಂದ ಕರೆದುಕೊಂಡು ಹೋಗುವ ದಾರಿಯಲ್ಲಿ ಹತ್ತು ನಿಮಿಷ ನಿಂತವರು. ಯೇಸುದಾಸ್ ಹಾಡುವ ದಿನ ಒಳಗೆ ಜಾಗ ಸಿಗದೆ ಕಾಂಪೌಂಡಿನಾಚೆ ನಿಂತೇ ಕಚೇರಿ ಮುಗಿಸಿದವರ ಕಥೆ ಚಾಮರಾಜಪೇಟೆಯ ಮನೆಮನೆಯಲ್ಲೂ ಇದೆ. ಇಂಥ ಸಭೆಯನ್ನು ಹಿಡಿದು ನಿಲ್ಲಿಸಬೇಕಾದ ಗಾಯಕರಿಗೆ ಜಾಣ್ಮೆಯ ಜೊತೆ ಎದೆಗಾರಿಕೆಯೂ ಬೇಕಾಗುತ್ತದೆ. ಸೂಕ್ಷ್ಮವಾದ ಗಮಕಗಳನ್ನು ನಂಬಿ ಕೂತವರು ಇಲ್ಲಿ ಸೋಲುತ್ತಾರೆ. ಬಾಯಿಬಿಟ್ಟು, ಮೂರು ಸ್ಥಾಯಿಯಲ್ಲೂ ಓಡಾಡಿ, ಆದರೂ ರಾಗದ ಮರ್ಯಾದೆ ಕಳೆಯದವರು ಗೆಲ್ಲುತ್ತಾರೆ.

ಧ್ವನಿವರ್ಧಕದವರ ಮೇಲೆ ಮಾತ್ರ ದೂರು ಹೇಳದೆ ಗತಿಯಿಲ್ಲ. ಹೊರಗಿನ ಗದ್ದಲವನ್ನು ಮೀರಿಸುವ ಹಟದಲ್ಲಿ ಸದ್ದನ್ನು ಏರಿಸುತ್ತ ಹೋಗುವುದು ಬೇಸಿಗೆ ಚಪ್ಪರಗಳಿಗೆಲ್ಲ ಅಂಟಿದ ರೋಗ. ಪಿಟೀಲಿಗೆ ಕಚ್ಚಿಸಿದ ಮೈಕಿನಿಂದ ತಂತಿಯ ನಾದ ಹೋಗಿ ತಗಡಿನ ಕೀರಲು ಬರುತ್ತದೆ. ಮೃದಂಗದ ಪ್ರತಿ ಪೆಟ್ಟೂ ಎದೆಗೆ ಗುದ್ದುತ್ತದೆ. ಪಕ್ಕವಾದ್ಯದವರು ‘ನಂದು ಸ್ವಲ್ಪ ಜಾಸ್ತಿ ಮಾಡಿ’ ಎಂದು ಕೈಸನ್ನೆ ಮಾಡಿದಷ್ಟೂ ಗಾಯಕರು ‘ನಂದೂ’ ಅನ್ನುತ್ತಾರೆ. ಮೊದಲ ವರ್ಣ ಮುಗಿಯುವುದರೊಳಗೆ ಎಲ್ಲ ಗುಂಡಿಗಳೂ ಮೇಲಿರುತ್ತವೆ. ಹಳೆಯ ಕಾಲದ ಮೈಕು ಕೆಟ್ಟದಾಗಿತ್ತು, ನಿಜ. ಆದರೆ ಒಂದೇ ಇತ್ತು. ಗಾಯಕ, ಪಿಟೀಲು, ಮೃದಂಗ ಎಲ್ಲರೂ ಅದರ ಸುತ್ತ ಕೂತು ತಮ್ಮ ತಮ್ಮ ಅಳತೆಯನ್ನು ತಾವೇ ಕಾಯ್ದುಕೊಳ್ಳಬೇಕಿತ್ತು.

‘ಆಗೆಲ್ಲ ಕಚೇರಿ ಅಂದರೆ ನಾಲ್ಕು ತಾಸು, ಐದು ತಾಸು’ ಎನ್ನುವುದು ಚಪ್ಪರದಲ್ಲಿ ಅತಿ ಹೆಚ್ಚು ಕೇಳಿಬರುವ ನಿಟ್ಟುಸಿರು. ಈಗ ಎರಡೂವರೆ ತಾಸಾದರೆ ದೊಡ್ಡದು. ದೋಷವನ್ನು ಜನರ ತಾಳ್ಮೆಯ ಮೇಲೆ, ಮೊಬೈಲಿನ ಮೇಲೆ ಹೊರಿಸುವುದು ಸುಲಭ. ಆದರೆ ಇದರಲ್ಲಿ ಕಾನೂನಿನ ಕೈಯೂ ಇದೆ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಹಾಕುವ ಹಾಗಿಲ್ಲ. ಮುಚ್ಚಿದ ಸಭಾಂಗಣಗಳಿಗೆ ಮಾತ್ರ ವಿನಾಯಿತಿ. ಹಬ್ಬ, ಉತ್ಸವಗಳಿಗೆಂದು ರಾಜ್ಯ ಸರ್ಕಾರ ಮಧ್ಯರಾತ್ರಿಯವರೆಗೆ ಸಡಿಲಿಕೆ ಕೊಡಬಹುದು, ಆದರೆ ಅದು ವರ್ಷಕ್ಕೆ ಒಟ್ಟು 15 ದಿನ ಮೀರಕೂಡದು. 2005ರಲ್ಲಿ ಸುಪ್ರೀಂ ಕೋರ್ಟೂ ಇದನ್ನೆಲ್ಲ ಎತ್ತಿಹಿಡಿಯಿತು. ಒಂದು ತಿಂಗಳ ಬಯಲು ಉತ್ಸವಕ್ಕೆ ಈ ಲೆಕ್ಕ ಯಾವ ರೀತಿಯಿಂದಲೂ ಸಾಲದು. ಅಂದರೆ ಭವನದ ಕಚೇರಿ ಹತ್ತು ದಾಟಬಹುದು, ಚಪ್ಪರದ್ದು ದಾಟುವ ಹಾಗಿಲ್ಲ. ಆಸ್ಪತ್ರೆಯ ಪಕ್ಕದಲ್ಲೇ ಇರುವ ಉತ್ಸವವೊಂದು ಇದಕ್ಕೆ ಗೊಣಗುವುದೂ ಸರಿಯಲ್ಲ.

ಗೊಣಗಬೇಕಾದ್ದು ಬೇರೆಯದಕ್ಕೆ. ಇರುವ ಎರಡೂವರೆ ತಾಸಿನಲ್ಲೂ ಹಾರ, ಶಾಲು, ಪ್ರಾಯೋಜಕರ ಸನ್ಮಾನ, ಗಣ್ಯರ ಎರಡು ಮಾತು ಎಂದು ಕಾಲು ಗಂಟೆ, ಅರ್ಧ ಗಂಟೆ ಹೋಗುವುದು ಬೆಂಗಳೂರಿನ ಸಭೆಗಳ ಹಳೆಯ ಚಾಳಿ. ಅದೂ ಕಲ್ಯಾಣಿ ಇನ್ನೇನು ತಾರಷಡ್ಜ ಮುಟ್ಟಬೇಕು ಎನ್ನುವಾಗಲೇ ಕಾರ್ಯದರ್ಶಿಗಳು ವೇದಿಕೆಯ ಮೂಲೆಯಲ್ಲಿ ಶಾಲು ಹಿಡಿದು ನಿಲ್ಲುತ್ತಾರೆ. ಗಾಯಕರ ಒಂದು ಕಣ್ಣು ರಾಗದ ಮೇಲೆ, ಇನ್ನೊಂದು ಶಾಲಿನ ಮೇಲೆ.

ಈ ಉತ್ಸವವನ್ನು ಅದೊಂದನ್ನೇ ಎತ್ತಿಟ್ಟು ನೋಡುವುದೂ ಸರಿಯಾಗದು. ಚೈತ್ರದಲ್ಲಿ ಬೆಂಗಳೂರು ಏಕಕಾಲಕ್ಕೆ ಹತ್ತು ಕಡೆ ಬಾಜಾ ಭಜಂತ್ರಿ ಎಬ್ಬಿಸಿಕೊಂಡಿರುತ್ತದೆ. 2025ರ ಪಂಚಾಂಗವನ್ನೇ ತೆಗೆದುಕೊಂಡರೆ, ಏಪ್ರಿಲ್ 6ರ ಭಾನುವಾರ ರಾಮನವಮಿ. 10ರ ಗುರುವಾರ ಮಹಾವೀರ ಜಯಂತಿಯ ರಜ. ಅವತ್ತೇ ರಾತ್ರಿ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಊರಿನ ಹುಡುಗ ಕೆ.ಎಲ್. ರಾಹುಲ್ ಡೆಲ್ಲಿಯ ಪರವಾಗಿ ಅಜೇಯ 93 ಹೊಡೆದು ಆರ್‌ಸಿಬಿಯನ್ನು ಸೋಲಿಸಿದ್ದು. 12ರ ಶನಿವಾರ ಹುಣ್ಣಿಮೆ, ಅಂದರೆ ಕರಗ. ಅದೇ ದಿನ ಡಾ. ರಾಜ್‌ಕುಮಾರ್ ಪುಣ್ಯತಿಥಿ. 14ರ ಸೋಮವಾರ ಅಂಬೇಡ್ಕರ್ ಜಯಂತಿ. ವಾರದ ಕೊನೆಯೊಂದು ಮೂರು ದಿನಕ್ಕೆ ಹಿಗ್ಗಿ ನಿಂತಿತ್ತು. ಮೈಸೂರು ಕಡೆಗೋ ಮಲೆನಾಡಿಗೋ ಕಾರು ಹತ್ತದೆ ಊರಲ್ಲೇ ಉಳಿದವರಿಗೆ ಯಾವುದಕ್ಕೆ ಹೋಗುವುದು, ಯಾವುದನ್ನು ಬಿಡುವುದು ಎಂಬ ಸಮಸ್ಯೆ.

ಏಪ್ರಿಲ್ ತಿಂಗಳು ರಾಜ್‌ಕುಮಾರ್ ತಿಂಗಳೂ ಹೌದು. 1929ರ ಏಪ್ರಿಲ್ 24ರಂದು ಹುಟ್ಟಿದವರು 2006ರ ಏಪ್ರಿಲ್ 12ರಂದು ತೀರಿಕೊಂಡರು. ಅವರಿಗೆ ದಶಕಗಳ ಕಾಲ ಕಂಠವಾಗಿದ್ದ ಪಿ.ಬಿ. ಶ್ರೀನಿವಾಸ್ ಹೋದದ್ದೂ ಏಪ್ರಿಲ್‌ನಲ್ಲೇ, 2013ರ 14ರಂದು. ಹಾಗಾಗಿ ಈ ಎರಡು ವಾರ ಊರಿನ ಬಡಾವಣೆಗಳಲ್ಲಿ ಆರ್ಕೆಸ್ಟ್ರಾಗಳಿಗೆ ಪುರುಸೊತ್ತಿರುವುದಿಲ್ಲ. ರಸ್ತೆಗೆ ಅಡ್ಡವಾಗಿ ವೇದಿಕೆ, ಮಿಣುಕುವ ದೀಪ, ಕೀಬೋರ್ಡು, ಪ್ಯಾಡು, ಬಿಳಿ ಪಂಚೆ ಬಿಳಿ ಅಂಗಿಯಲ್ಲಿ ಅಣ್ಣಾವ್ರ ಕೈಚಳಕ ಅನುಕರಿಸುವ ಗಾಯಕ. ಬೇಸಿಗೆಯ ರಾತ್ರಿ ಹಳೆಯ ಹಾಡು ಕೇಳುವ ಸುಖ ಬೆಂಗಳೂರಿನ ಬಹುಪಾಲು ಜನಕ್ಕೆ ಒದಗುವುದು ಇಲ್ಲಿಯೇ, ಕೋಟೆ ಮೈದಾನದಲ್ಲಲ್ಲ.

ಎರಡರಲ್ಲೂ ಸರಕು ನೆನಪೇ. ಆದರೆ ನೆನಪು ಕೇಳುವ ಬೆಲೆ ಬೇರೆ ಬೇರೆ. ಆರ್ಕೆಸ್ಟ್ರಾದಲ್ಲಿ ಜನ ಬೇಡುವುದು ಪಡಿಯಚ್ಚನ್ನು. ಪಿ.ಬಿ.ಎಸ್. ಎಲ್ಲಿ ಉಸಿರು ಎಳೆದರೋ ಅಲ್ಲೇ ಎಳೆಯಬೇಕು. ಮಧ್ಯದ ಕೊಳಲಿನ ತುಣುಕು ಧ್ವನಿಮುದ್ರಿಕೆಯಲ್ಲಿದ್ದ ಹಾಗೇ ಬರಬೇಕು. ಒಂದು ಸಂಗತಿ ಸ್ವಂತದ್ದು ಸೇರಿಸಿದರೂ ಮುಂದಿನ ಸಾಲಿನಿಂದ ಶಿಳ್ಳೆ ಬರುತ್ತದೆ, ಮೆಚ್ಚುಗೆಯ ಶಿಳ್ಳೆಯಲ್ಲ. ಕಚೇರಿಯಲ್ಲಿ ಹಾಗಲ್ಲ. ಎಂ.ಎಸ್. ಹಾಡಿದ ಹಾಗೇ ಹಾಡಿದರೆ ‘ಕಾಪಿ’ ಎನ್ನುತ್ತಾರೆ. ಹಾಗೆ ಹಾಡದಿದ್ದರೆ ‘ಎಂ.ಎಸ್. ಹಾಡಿದ ಹಾಗಿಲ್ಲ’ ಎನ್ನುತ್ತಾರೆ. ಮೂವತ್ತರ ಹರೆಯದ ಗಾಯಕಿಯೊಬ್ಬಳು ಈ ಎರಡು ಮಾತಿನ ನಡುವೆ ಕೂತು ಖರಹರಪ್ರಿಯ ಆಲಾಪನೆ ಮಾಡಬೇಕು. ಆರ್ಕೆಸ್ಟ್ರಾ ಗಾಯಕನಿಗೆ ಕನಿಷ್ಠ ತನ್ನ ಕೆಲಸ ಏನೆಂದು ಗೊತ್ತಿದೆ.

ವಿಚಿತ್ರವೆಂದರೆ ಪಡಿಯಚ್ಚಿಗೆ ಒಗ್ಗದ ಸಂಗೀತ ಇದು. ರಾಗಾಲಾಪನೆ, ನೆರವಲ್, ಕಲ್ಪನಾಸ್ವರ ಎಂಬ ಮೂರು ಅಂಗಗಳೂ ಆ ಸಂಜೆಗೆ, ಆ ಶಾರೀರಕ್ಕೆ ಹುಟ್ಟಿ ಅಲ್ಲೇ ಮುಗಿಯುವಂಥವು. ನಿನ್ನೆಯ ಮೋಹನವನ್ನು ಇವತ್ತು ತಂದಿಡಲು ಆ ಗಾಯಕರಿಂದಲೇ ಆಗುವುದಿಲ್ಲ. ಅಂಥ ಕಲೆಯ ಸುತ್ತ ಕಟ್ಟಿದ ಉತ್ಸವವೊಂದು ಹಳೆಯ ಭಾವಚಿತ್ರಗಳ ಸಾಲನ್ನೇ ತನ್ನ ಮುಖ ಮಾಡಿಕೊಂಡಿರುವುದು ಕಲೆಯ ಸ್ವಭಾವಕ್ಕೇ ವಿರುದ್ಧ. ಮಂಡಳಿಯವರನ್ನಷ್ಟೇ ದೂಷಿಸಿ ಫಲವಿಲ್ಲ. ಕೇಳುಗರು ಕಳಿಸುವ ಚೀಟಿಗಳನ್ನು ಗಾಯಕರ ಮುಂದಿನಿಂದ ಎತ್ತಿ ನೋಡಿದರೆ ತಿಳಿಯುತ್ತದೆ: ಅದೇ ಎಂಟು ಹತ್ತು ಕೃತಿಗಳು, ಯಾರಿಂದಲೋ ಎಂದೋ ಕೇಳಿ ಮನಸ್ಸಿನಲ್ಲಿ ಉಳಿದವು.

ಶನಿವಾರದ ಕರಗಕ್ಕೆ ಬರೋಣ. ಕೋಟೆ ಹೈಸ್ಕೂಲಿನಿಂದ ತಿಗಳರಪೇಟೆಯ ಧರ್ಮರಾಯಸ್ವಾಮಿ ದೇವಸ್ಥಾನಕ್ಕೆ ಎರಡು ಕಿಲೋಮೀಟರೂ ಇಲ್ಲ. ಸಂಪಂಗಿ ಕೆರೆ ಇದ್ದ ಜಾಗದಲ್ಲಿ ಕಂಠೀರವ ಕ್ರೀಡಾಂಗಣ ಎದ್ದು ಎಷ್ಟೋ ಕಾಲವಾಯಿತು. ಅದರ ಮಗ್ಗುಲಲ್ಲಿ ಉಳಿದಿರುವ ಸಣ್ಣ ಕಲ್ಯಾಣಿಯೇ ಈಗಲೂ ಹಸಿ ಕರಗದ ವಿಧಿಗೆ ಬೇಕು. ಹುಣ್ಣಿಮೆಯ ಮಧ್ಯರಾತ್ರಿ ದಾಟಿದ ಮೇಲೆ ಮಲ್ಲಿಗೆ ಹೂವಿನ ಕರಗ ಹೊತ್ತು ಅರ್ಚಕರು ಹೊರಬೀಳುತ್ತಾರೆ. ಮೈಮೇಲೆ ಸೀರೆ, ಕೈಯಲ್ಲಿ ಬಳೆ. ಸುತ್ತ ಕತ್ತಿ ಹಿಡಿದ ವೀರಕುಮಾರರು. ಪೇಟೆಯ ಬೀದಿಗಳನ್ನು ಸುತ್ತಿ, ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೂ ಹೋಗಿ ಗುಡಿಗೆ ಮರಳುವಾಗ ಬೆಳಗಾಗಿರುತ್ತದೆ. ಈ ಇಡೀ ರಾತ್ರಿಯ ಸಂಗೀತ ನಾದಸ್ವರ, ತಮಟೆ, ಗೋವಿಂದನ ಕೂಗು. ಕೇಳುವವರಿಗೆ ಕುರ್ಚಿ ಇಲ್ಲ, ಕಾರ್ಯಕ್ರಮಪಟ್ಟಿ ಇಲ್ಲ, ಹಿಂದಿನವರ ಜೊತೆ ಹೋಲಿಕೆಯೂ ಇಲ್ಲ. ಹೋದ ವರ್ಷದ ನಾದಸ್ವರ ಚೆನ್ನಾಗಿತ್ತೋ ಈ ವರ್ಷದ್ದೋ ಎಂದು ಯಾರೂ ತಕ್ಕಡಿ ಹಿಡಿಯುವುದಿಲ್ಲ. ಅಲ್ಲಿ ಹಳೆಯದು ವರ್ಷಕ್ಕೊಮ್ಮೆ ನಡೆದು ಹೋಗುತ್ತದೆ, ಅಷ್ಟೆ.

ಕಚೇರಿ ಮುಗಿಸಿ ಎದ್ದ ರಸಿಕರಲ್ಲಿ ಎಷ್ಟು ಜನ ಆ ಎರಡು ಕಿಲೋಮೀಟರು ನಡೆದು ಕರಗಕ್ಕೆ ಹೋಗುತ್ತಾರೆ, ಅಲ್ಲಿಂದ ಎಷ್ಟು ಜನ ಇಲ್ಲಿಗೆ ಬರುತ್ತಾರೆ? ಬೆರಳಲ್ಲೆಣಿಸುವಷ್ಟು ಎಂದರೆ ಅನ್ಯಾಯವಾಗದು. ಕರ್ನಾಟಕ ಸಂಗೀತದ ಸಭೆಗಳು ಯಾರ ಸಭೆಗಳು ಎಂಬ ಪ್ರಶ್ನೆಯನ್ನು ಟಿ.ಎಂ. ಕೃಷ್ಣ ವರ್ಷಗಳಿಂದ ಕೇಳುತ್ತ ಬಂದಿದ್ದಾರೆ. ಚೆನ್ನೈನ ಮೀನುಗಾರರ ಕೇರಿ ಊರೂರು ಆಲ್ಕಾಟ್ ಕುಪ್ಪಂನಲ್ಲಿ ಉತ್ಸವ ಕಟ್ಟಿದ್ದು, ಕರ್ನಾಟಕದ ಜೋಗಪ್ಪಗಳ ಜೊತೆ ಒಂದೇ ವೇದಿಕೆಯಲ್ಲಿ ಕೂತು ಹಾಡಿದ್ದು ಅದರ ಮುಂದುವರಿಕೆ. ಆ ಮಾತಿಗೆ ಕೆರಳಿದವರು ಬೆಂಗಳೂರಿನಲ್ಲೂ ಇದ್ದಾರೆ. ಕೋಟೆ ಮೈದಾನದ ಪರವಾಗಿ ಒಂದು ಮಾತು ಹೇಳಬಹುದು: ಕಾಂಪೌಂಡಿನಾಚೆಗೂ ಹಾಡು ಕೇಳಿಸುವ ಉತ್ಸವ ಇದು, ದೊಡ್ಡ ದೊಡ್ಡ ಭವನಗಳಿಗೆ ಆ ಭಾಗ್ಯವಿಲ್ಲ. ಆದರೆ ಕೇಳಿಸುವುದು ಬೇರೆ, ಕರೆಯುವುದು ಬೇರೆ. ಒಂದು ತಿಂಗಳ ಪಟ್ಟಿಯಲ್ಲಿ ನಾದಸ್ವರದವರನ್ನು ಮಂಗಳವಾದ್ಯಕ್ಕಲ್ಲದೆ ಪೂರ್ಣ ಕಚೇರಿಗೆ ಕೂರಿಸುವ ಸಂಜೆಗಳು ಇನ್ನೂ ಹೆಚ್ಚಬೇಕು. ಕರಗದ ವಾರದಲ್ಲೇ ಹಾಗೆ ಮಾಡಿದರಂತೂ ಆ ಎರಡು ಕಿಲೋಮೀಟರು ಅಷ್ಟು ದೂರ ಎನ್ನಿಸದು.

ಉತ್ಸವದ ಮೇಲಿನ ಅತಿ ಗಟ್ಟಿ ಆಕ್ಷೇಪ ಕನ್ನಡದ್ದು. ರಾಮನವಮಿ ಎಂದ ಮೇಲೆ ತ್ಯಾಗರಾಜರು ಬರಲೇಬೇಕು. ಅವರಷ್ಟು ಆತ್ಮೀಯವಾಗಿ ರಾಮನ ಜೊತೆ ಜಗಳವಾಡಿದ ವಾಗ್ಗೇಯಕಾರರು ಇನ್ನೊಬ್ಬರಿಲ್ಲ. ತಕರಾರು ಅದಲ್ಲ. ಪುರಂದರದಾಸರನ್ನು ಕರ್ನಾಟಕ ಸಂಗೀತದ ಪಿತಾಮಹ ಎಂದು ಕರೆದು, ಮಾಯಾಮಾಳವಗೌಳದ ಸರಳೆ ವರಸೆಯಿಂದಲೇ ಪ್ರತಿ ಮಗುವಿಗೂ ಪಾಠ ಶುರುಮಾಡಿ, ಕಚೇರಿಯಲ್ಲಿ ಮಾತ್ರ ಅವರಿಗೆ ಕೊನೆಯ ಐದು ನಿಮಿಷ ಕೊಡುತ್ತಾರಲ್ಲ, ಅದು. ಅರಿಯಕ್ಕುಡಿ ರಾಮಾನುಜ ಅಯ್ಯಂಗಾರ್ ಕಟ್ಟಿಕೊಟ್ಟ ಕಚೇರಿಯ ಅಚ್ಚಿನಲ್ಲಿ ದೇವರನಾಮದ ಜಾಗ ತನಿ ಆವರ್ತನದ ಆಚೆ. ಅದು ಶಾಸ್ತ್ರವೇನಲ್ಲ, ಒಬ್ಬ ಜಾಣ ಗಾಯಕರು ತಮ್ಮ ಕಾಲದ ಸಭೆಗೆ ಹೊಂದಿಸಿದ ಕ್ರಮ. ಮೈಸೂರಿನಲ್ಲಿ ಬಿಡಾರಂ ಕೃಷ್ಣಪ್ಪನವರು ಅದಕ್ಕೂ ಮುಂಚೆ ಬೇರೆ ದಾರಿ ತೋರಿಸಿದ್ದರು. 1866ರಲ್ಲಿ ಹುಟ್ಟಿ 1931ರವರೆಗೆ ಬದುಕಿದ್ದ ಈ ವಿದ್ವಾಂಸರು, ಪಿಟೀಲು ಚೌಡಯ್ಯನವರ ಗುರುಗಳು, ದಾಸರ ಪದಗಳನ್ನು ಕಚೇರಿಯ ಅಂಗಳಕ್ಕೆ ಗೌರವದಿಂದ ತಂದವರು. ಊರಿನಲ್ಲೇ ಪ್ರಸನ್ನ ಸೀತಾರಾಮ ಮಂದಿರ ಕಟ್ಟಿಸಿ ರಾಮೋತ್ಸವ ನಡೆಸಿದವರೂ ಅವರೇ. ಕನ್ನಡ ನಾಡಿನ ಬೇಸಿಗೆ ಸಂಗೀತಕ್ಕೆ ಹಳೆಯದು ಬೇಕಿದ್ದರೆ ಅದಕ್ಕಿಂತ ಹಳೆಯದು, ಅದಕ್ಕಿಂತ ತನ್ನದು ಯಾವುದಿದೆ? ನೆನಪು ಮಾಡಿಕೊಳ್ಳುವುದಾದರೆ ಪೂರ್ತಿ ಮಾಡಿಕೊಳ್ಳಲಿ.

ತನಿ ಆವರ್ತನದ ವಿಷಯ ಬಂದದ್ದರಿಂದ ಅದರ ಬಗ್ಗೆಯೂ ಎರಡು ಮಾತು. ಗಾಯಕರು ಕೀರ್ತನೆಯ ಎತ್ತುಗಡೆಯಲ್ಲಿ ನಿಲ್ಲಿಸಿ ಮೃದಂಗದ ಕಡೆ ಕೈ ತೋರಿಸಿದ ಕ್ಷಣ ಚಪ್ಪರದಲ್ಲಿ ಕುರ್ಚಿಗಳು ಕರಕರ ಎನ್ನುತ್ತವೆ. ಕಾಫಿಗೆ ಹೋಗುವವರು, ಚಪ್ಪಲಿ ಹುಡುಕುವವರು, ಬಸ್ಸಿನ ಹೊತ್ತು ನೋಡುವವರು. ಎರಡು ತಾಸು ರವೆ ತಟ್ಟಿ, ಕಲ್ಲಿನಿಂದ ಶ್ರುತಿ ಇಳಿಸಿ, ಇನ್ನೊಬ್ಬರ ಹಾಡಿಗೆ ಹೆಗಲು ಕೊಟ್ಟವರ ಸರದಿ ಬಂದಾಗ ಅವರಿಗೆ ಕಾಣುವುದು ರಸಿಕರ ಬೆನ್ನು. ಮೃದಂಗದವರೂ ಘಟದವರೂ ಒಬ್ಬರ ಮುಖ ಒಬ್ಬರು ನೋಡಿ ನಕ್ಕು, ತಿಶ್ರಕ್ಕೆ ತಿರುಗಿ, ಕೊರಪ್ಪಿಗೆ ಇಳಿದು, ಕೂತೇ ಇರುವ ಮೊದಲ ನಾಲ್ಕು ಸಾಲಿಗೆ ನುಡಿಸುತ್ತಾರೆ. ಎದ್ದು ಹೋದವರು ಮರಳಿ ಬರುವ ಹೊತ್ತಿಗೆ ದೇವರನಾಮವೂ ಮುಗಿದು ಮಂಗಳ.

ಹಳೆಯದೆಲ್ಲ ಚಿನ್ನ ಎನ್ನುವ ಮಾತನ್ನು ಪರೀಕ್ಷಿಸುವುದು ಈಗ ಕಷ್ಟವೇನಲ್ಲ. ಆ ಕಾಲದ ಕಚೇರಿಗಳ ಧ್ವನಿಮುದ್ರಣಗಳು ಬೇಕಾದಷ್ಟು ಓಡಾಡುತ್ತವೆ. ಆಕಾಶವಾಣಿಯ ಅಮೃತವರ್ಷಿಣಿ ವಾಹಿನಿ ಹಾಕಿದರೆ 100.1ರಲ್ಲಿ ದಿನವೂ ಯಾರಾದರೂ ಹಿರಿಯರು ಸಿಗುತ್ತಾರೆ. ಕೇಳಿದರೆ ಎರಡು ಸಂಗತಿ ಗೊತ್ತಾಗುತ್ತದೆ. ದೊಡ್ಡವರು ನಿಜಕ್ಕೂ ದೊಡ್ಡವರು. ಸೆಮ್ಮಂಗುಡಿಯವರ ಆ ಒಡಕು ದನಿಯೊಳಗಿನ ಭೈರವಿಗೆ ಸಾಟಿ ಇನ್ನೂ ಬಂದಿಲ್ಲ. ಆದರೆ ಅವೇ ಮುದ್ರಣಗಳಲ್ಲಿ ತಪ್ಪಿದ ತಾಳ, ಜಾರಿದ ಶ್ರುತಿ, ಅವಸರದ ಸ್ವರಕಲ್ಪನೆ, ಪಕ್ಕವಾದ್ಯದವರೊಂದಿಗೆ ಸಣ್ಣ ಜಟಾಪಟಿ ಕೂಡ ಇವೆ. ಯುವ ಗಾಯಕರ ಶ್ರುತಿಶುದ್ಧಿ, ಸಾಹಿತ್ಯದ ಉಚ್ಚಾರ, ಲೆಕ್ಕಾಚಾರದ ಹಿಡಿತ ಅವರ ಅಜ್ಜಂದಿರಿಗಿಂತ ಬಹುಪಾಲು ಉತ್ತಮವಾಗಿದೆ. ಅವರಲ್ಲಿ ಕೊರತೆ ಇರುವುದು ಸಾವಧಾನದ್ದು. ಅದನ್ನು ಕಲಿಸಬೇಕಾದ ಉತ್ಸವವೇ ಎಂಟೂಮುಕ್ಕಾಲಿಗೆ ಶಾಲು ಹಿಡಿದು ನಿಂತರೆ ಅವರಾದರೂ ಏನು ಮಾಡಿಯಾರು?

2020ರಲ್ಲಿ ರಾಮನವಮಿ ಬಂದದ್ದು ಏಪ್ರಿಲ್ 2ಕ್ಕೆ, ಲಾಕ್‌ಡೌನ್ ಶುರುವಾಗಿ ಎಂಟೊಂಬತ್ತು ದಿನಕ್ಕೆ. ಆ ಬೇಸಿಗೆ ಜನರ ಸಂಗೀತವೆಲ್ಲ ಫೋನಿನ ಪರದೆಯಲ್ಲಿ. ಮನೆಯ ಕೋಣೆಯಲ್ಲಿ ಕೂತು ಹಾಡಿದವರ ದನಿ ಶುದ್ಧವಾಗಿತ್ತು, ಸೈರನ್ನಿಲ್ಲ, ಹಾರ್ನಿಲ್ಲ, ಭಾಷಣ ಕೂಡ ಇಲ್ಲ. ಕೇಳುಗರು ಬಯಸುತ್ತಿದ್ದ ಸೌಕರ್ಯವೆಲ್ಲ ಒಟ್ಟಿಗೆ ಸಿಕ್ಕಿತ್ತು. ಅಂಥ ಕಚೇರಿಗಳನ್ನು ಅರ್ಧಕ್ಕೇ ನಿಲ್ಲಿಸಿ ಅಡುಗೆಮನೆ ಕಡೆ ಹೋದವರೇ ಹೆಚ್ಚು. ಎದುರಿಗೆ ತಲೆದೂಗುವವರಿಲ್ಲದೆ ಗಾಯಕರೂ ಪರಿತಪಿಸಿದರು. 39.2 ಡಿಗ್ರಿಯವರೆಗೂ ಪಾದರಸ ಏರಿದ 2016ರ ಏಪ್ರಿಲ್‌ನಲ್ಲಿ ಬೆವರು ಒರೆಸಿಕೊಂಡು ಕೂತಿದ್ದ ಜನವೇ, ಚಪ್ಪರ ಮತ್ತೆ ಎದ್ದಾಗ ಮುಂದಿನ ಸಾಲಿಗೆ ಧಾವಿಸಿದ್ದು.

ಮಂಡಳಿ ಒಂದು ಪ್ರಯೋಗ ಮಾಡಿ ನೋಡಬಹುದು. ಖರ್ಚೇನೂ ಇಲ್ಲ. ತಿಂಗಳಲ್ಲಿ ಒಂದು ವಾರ, ಬೇಕಿದ್ದರೆ ಕರಗದ ವಾರವೇ ಆಗಲಿ, ಸನ್ಮಾನಗಳನ್ನೆಲ್ಲ ಕಚೇರಿ ಶುರುವಾಗುವ ಮುಂಚೆ ಮುಗಿಸುವುದು, ಚೀಟಿ ತೆಗೆದುಕೊಳ್ಳದಿರುವುದು, ಮುಖ್ಯ ರಾಗವನ್ನು ದಾಸರ ಪದವೊಂದಕ್ಕೆ ಕೊಟ್ಟು ಆಲಾಪನೆ, ನೆರವಲ್, ಸ್ವರ ಎಲ್ಲವನ್ನೂ ಅದರ ಮೇಲೇ ಕಟ್ಟುವುದು, ತನಿ ಆವರ್ತನವನ್ನೂ ಅದಕ್ಕೇ ಜೋಡಿಸುವುದು. ಕೆಲವು ಸಂಜೆ ಕುರ್ಚಿ ಖಾಲಿ ಬಿದ್ದಾವು. ಹಿರಿಯ ಚಂದಾದಾರರಿಂದ ಒಂದೆರಡು ಖಾರವಾದ ಪತ್ರ ಬಂದಾವು. ಕಾಫಿ ಮಾರುವವರು ಮಾತ್ರ ಮೊದಲ ದಿನವೇ ತಕರಾರು ತೆಗೆಯುತ್ತಾರೆ. ತನಿಯ ಹೊತ್ತಿಗೆ ಗಿರಾಕಿಗಳು ಏಳದಿದ್ದರೆ ಅವರ ಡಿಕಾಕ್ಷನ್ನು ಯಾರು ಕುಡಿಯಬೇಕು?